ಮೊಳೆಯಿಲ್ಲದ ಬೀರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟರು. ಮನೆ ಖಾಲಿ ಮಾಡಿ ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಗಾದೆ ಕಟ್ಟಿದವರೆಲ್ಲ ಸ್ವಂತ ಮನೆಯವರೇ ಇದ್ದಿರಬೇಕು. ಬಾಡಿಗೆ ಮನೆಯವರಿಗೆ ಗಾದೆ ಕಟ್ಟಲು ಪುರುಸೊತ್ತೆಲ್ಲಿ, ಅವರು ಗಂಟು ಕಟ್ಟುತ್ತಿದ್ದರು.

ಇಲ್ಲಿ ಹೇಳಹೊರಟಿರುವ ಹೆಂಗಸನ್ನು ಬೀದಿಯವರೆಲ್ಲ ಗಂಟಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ. ಒಗೆದು ಒಣಗಿದ ಹೊದಿಕೆಗಳನ್ನು ಮಡಿಸಿ, ವಾರ್ಡಿಗೊಂದರಂತೆ ಗಂಟು ಕಟ್ಟಿ ತಳ್ಳುಗಾಡಿಗೆ ಏರಿಸಬೇಕು. ಅವಳು ಕಟ್ಟಿದ ಗಂಟನ್ನು ಮಹಡಿಯಿಂದ ಉರುಳಿಸಿದರೂ ಒಂದು ಮೂಲೆ ಬಿಚ್ಚಿಕೊಳ್ಳುತ್ತಿರಲಿಲ್ಲ. "ಗಂಟಕ್ಕನ ಹತ್ರ ಎಲ್ಲಾ ಗಂಟೂ ಇದೆ, ದುಡ್ಡಿನ ಗಂಟೊಂದು ಬಿಟ್ಟು" ಎಂದು ಜೊತೆಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಇಲ್ಲದ್ದನ್ನು ಇಲ್ಲ ಎಂದರೆ ಮುಖ ಊದಿಸಿಕೊಳ್ಳುವ ಜಾಯಮಾನ ಅವಳದಲ್ಲ.

ಗಂಡ ಬಡಗಿ. ಬಡಗಿಯಾಗಿದ್ದ ಎನ್ನಬೇಕೋ ಏನೋ. ಎರಡು ವರ್ಷದ ಹಿಂದೆ ಕೆಲಸ ಮಾಡುತ್ತಿದ್ದಲ್ಲೇ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತೂ ಹೋಯಿತು ಎನ್ನುವಷ್ಟು ಹೋಯಿತು. ಒಂದು ಪದ ಆಡಬೇಕಾದರೆ ಆಳದ ಬಾವಿಯಿಂದ ಕೊಡ ಎಳೆದಷ್ಟು ಕಷ್ಟ, ಎಳೆದದ್ದೂ ಹೆಂಡತಿ ಮಗಳಿಗಲ್ಲದೆ ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ. ಹೌದು ಎನ್ನಲು ತಲೆ ಆಡಿಸುತ್ತಿದ್ದ, ಇಲ್ಲ ಎನ್ನಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಗಳು ಔಷಧದ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಎರಡು ಸಣ್ಣ ಸಂಬಳ, ಒಂದು ದೊಡ್ಡ ಕಾಯಿಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇವರ ಮನೆಯಲ್ಲಿ ಹಾಸಿಗೆಯನ್ನು ರೋಗಿಗೆ ಬಿಟ್ಟುಕೊಟ್ಟು ಉಳಿದಿಬ್ಬರು ಕಾಲು ಮಡಿಸಿಕೊಂಡೇ ಬದುಕುತ್ತಿದ್ದರು.

ಹೀಗಿರುವಾಗ ಓನರ್ ಬಂದು ಮನೆ ಬಿಡಿ ಎಂದ. ಅವನದೊಂದು ಪೈಪಿನ ಅಂಗಡಿ ಇತ್ತು, ಅದಕ್ಕೆ ಗೋಡೌನ್ ಬೇಕಾಗಿತ್ತು. ಕೆಟ್ಟವನೇನಲ್ಲ, ತಿಂಗಳೊಪ್ಪತ್ತು ಸಮಯ ಕೊಟ್ಟ. ಆದರೆ ಹಳೇ ಅಡ್ವಾನ್ಸ್ ವಾಪಸು ಬರುವ ಹಾಗಿರಲಿಲ್ಲ. ಬಡಗಿ ಆಸ್ಪತ್ರೆಯಲ್ಲಿದ್ದ ತಿಂಗಳುಗಳ ಬಾಡಿಗೆಗೆ ಅದು ಎಂದೋ ಕರಗಿಹೋಗಿತ್ತು.

"ಗೋಡೆಗೆ ಒರಗಿದ್ದೆಲ್ಲಾ ಹೋಗ್ಬೇಕು ನೋಡಮ್ಮ. ನನಗೆ ನಾಲ್ಕು ಗೋಡೆ ಖಾಲಿ ಬೇಕು," ಎಂದು ಹೇಳಿ ಹೋದ.

ಗಂಟಕ್ಕ ಕೆಲಸ ಮುಗಿಸಿ ಬೀದಿ ಬೀದಿ ಅಲೆದಳು. ಕೊನೆಗೆ ಊರಿನ ಇನ್ನೊಂದು ಮೂಲೆಯಲ್ಲಿ, ಮೂರನೇ ಮಹಡಿಯಲ್ಲಿ, ಒಂದು ಕೋಣೆ ಸಿಕ್ಕಿತು. ಅಡುಗೆಗೆ ಒಂದು ಕಲ್ಲಿನ ಕಟ್ಟೆ, ಬಟ್ಟೆ ಒಣಹಾಕಲು ಒಂದು ಕಿಟಕಿ. ಓನರಮ್ಮ ಕಟ್ಟುನಿಟ್ಟಿನ ಹೆಂಗಸು. ಕಾಯಿಲೆಯ ಗಂಡಸು ಎಂದು ಕೇಳಿ ಮೊದಲು ಮೂಗು ಮುರಿದಳು, ಆಮೇಲೆ ಇಬ್ಬರು ದುಡಿಯುವವರಿದ್ದಾರೆ ಎಂದು ಒಪ್ಪಿದಳು. ಅಡ್ವಾನ್ಸ್ ಪೂರ್ತಿ ಕೈಗೆ ಬಂದ ದಿನ ಕೀಲಿ. ಅಲ್ಲಿಯತನಕ ಬೇಕಾದರೆ ಸಣ್ಣಪುಟ್ಟ ಸಾಮಾನು ತಂದು ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಲಿ ಎಂದಳು.

ಅಡ್ವಾನ್ಸ್ ಎಲ್ಲಿಂದ ತರುವುದು? ಗಂಟಕ್ಕನಿಗೆ ಒಬ್ಬ ಅಣ್ಣನಿದ್ದ. ಸ್ವಂತ ಮನೆ, ಮೇಲೊಂದು ಖಾಲಿ ಕೋಣೆ. ತಂಗಿಯ ಮೇಲೆ ಪ್ರೀತಿಯೇನೋ ಇತ್ತು, ಆದರೆ ಆ ಪ್ರೀತಿಯಲ್ಲಿ ಇಬ್ಬರಿಗೆ ಮಾತ್ರ ಜಾಗವಿತ್ತು. "ನೀನೂ ಮಗಳೂ ಇಲ್ಲಿಗೆ ಬಂದ್ಬಿಡಿ. ಭಾವನ್ನ ಆಶ್ರಮಕ್ಕೆ ಸೇರಿಸೋಣ, ನಾನೇ ಮಾತಾಡ್ತೀನಿ. ಅಲ್ಲಿ ನೋಡ್ಕೊಳ್ಳೋಕೆ ಜನ ಇರ್ತಾರೆ," ಎಂದು ಲಕ್ವ ಹೊಡೆದ ತಿಂಗಳಿಂದ ಹೇಳುತ್ತ ಬಂದಿದ್ದ. ಸಾಲ ಕೇಳಿದರೂ ಅದೇ ಉತ್ತರ. ಮುಳುಗುವ ದೋಣಿಗೆ ದುಡ್ಡು ಸುರಿಯಲಾರೆ ಎಂದು ನೇರವಾಗಿ ಹೇಳದೆ, ಬಳಸಿಕೊಂಡು ಹೇಳುತ್ತಿದ್ದ.

ಒಂದು ಮಧ್ಯಾಹ್ನ ಅವಳಿಗೆ ಸಾಕಾಗಿಹೋಯಿತು. ಅತ್ತ ದರಿ, ಇತ್ತ ಪುಲಿ. ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದಳು, ಒಳಗೆ ಮಲಗಿದ್ದವನಿಗೆ ಕೇಳಿಸದಿರಲಿ ಎಂದು ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟಳು. ಆಮೇಲೆ ಅಣ್ಣನಿಗೆ, "ಆಯ್ತಣ್ಣ. ಅಡ್ವಾನ್ಸ್ ಹೊಂದದೇ ಹೋದ್ರೆ ನೀನು ಹೇಳಿದ ಹಾಗೇ ಮಾಡೋಣ. ಅವರನ್ನ ಅಲ್ಲಿಗೇ ಸೇರಿಸಿಬಿಡೋಣ," ಎಂದಳು. ಅಂದವಳೇ ಅದೇ ನಲ್ಲಿಯ ಕೆಳಗೆ ಬಾಯಿ ತೊಳೆದುಕೊಂಡಳು. ಆಡಿದ ಮಾತು ನೀರಿಗೆ ಹೋಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅಂದು ಇಡೀ ಸಂಜೆ ಗಂಡನ ಮುಖ ನೋಡಲು ಆಗಲಿಲ್ಲ, ಊಟ ಮಾಡಿಸುವಾಗಲೂ ತಟ್ಟೆಯನ್ನೇ ನೋಡುತ್ತಿದ್ದಳು.

ಹಾಗೆ ಮುಖ ತಪ್ಪಿಸಿ ಅತ್ತಿತ್ತ ನೋಡುತ್ತಿದ್ದಾಗಲೇ ಕಣ್ಣು ಬೀರುವಿನ ಮೇಲೆ ಬಿತ್ತು. ದಿನಾ ಕಣ್ಣೆದುರಿಗೇ ಇದ್ದದ್ದು. ಅದನ್ನು ಮಾರಿದರೆ ಅಡ್ವಾನ್ಸ್ ಹೊಂದುತ್ತದೆ ಎಂದು ಅಲ್ಲಿಯತನಕ ಹೊಳೆದಿರಲಿಲ್ಲ.

ಆ ಬೀರುವಿನ ವಿಷಯ ಹೇಳಲೇಬೇಕು. ಮಗಳು ಹುಟ್ಟಿದ ವರ್ಷ ಬಡಗಿ ಅದಕ್ಕೆ ಕೈ ಹಾಕಿದ್ದ. ಕೆಲಸದ ಅಂಗಡಿಯಲ್ಲಿ ಸ್ವಂತದ್ದು ಮಾಡಿಕೊಳ್ಳಲು ಜಾಗ ಕೊಡುತ್ತಿರಲಿಲ್ಲ. ಆದ್ದರಿಂದ ಮಿಕ್ಕ ತೇಗದ ಹಲಗೆಗಳನ್ನು ಕೂಲಿಯಲ್ಲಿ ಹಿಡಿಸಿಕೊಂಡು, ಒಂದೊಂದಾಗಿ ಸೈಕಲ್ಲಿಗೆ ಕಟ್ಟಿ ತಂದು, ಒಳಕೋಣೆಯಲ್ಲೇ ಕೂತು ಕಟ್ಟಿದ. ಅರ್ಧ ಗೋಡೆಯಷ್ಟು ಅಗಲ, ನೆಲದಿಂದ ಸೂರಿಗೆ. ಎಲ್ಲೂ ಒಂದು ಮೊಳೆಯಿಲ್ಲ, ಒಂದು ಸ್ಕ್ರೂ ಇಲ್ಲ. ಹಲಗೆಗೆ ಹಲಗೆಯ ಹಲ್ಲು ಕಚ್ಚಿಸಿ, ಅಂಟು ಕುಡಿಸಿ, ಮರದ ಬೆಣೆ ಹೊಡೆದು ಬಿಗಿದಿದ್ದ. ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲು ಒಳಗೆ ಕರೆದುಕೊಂಡು ಹೋಗಿ, "ಒಂದೇ ಒಂದು ಮೊಳೆ ಹುಡುಕಿಕೊಡಿ ನೋಡೋಣ," ಎಂದು ಸವಾಲು ಹಾಕುತ್ತಿದ್ದ. "ಮೊಳೆ ಹೊಡೆಯೋನು ಬಡಗಿ ಅಲ್ಲ, ಸೊಪ್ಪಿನ ಬುಟ್ಟಿಗೆ ಹಿಡಿ ಹಾಕೋನು" ಎಂದು ಜಂಬ ಕೊಚ್ಚುತ್ತಿದ್ದ. ಮಾತಿದ್ದ ಕಾಲದಲ್ಲಿ ಅವನ ಮಾತೆಲ್ಲ ಹೀಗೇ ಸ್ವಲ್ಪ ದಪ್ಪ.

ಹಳೇ ಸಾಮಾನಿನ ಅಂಗಡಿಯವನು ಮರುದಿನವೇ ಬಂದ. ಬೀರುವನ್ನು ಬೆರಳಿನಿಂದ ತಟ್ಟಿದ, ಬಾಗಿಲು ತೆಗೆದು ಹಾಕಿ ಮಾಡಿದ, ಮೂಸಿ ಕೂಡ ನೋಡಿದ. ಮರ ನೋಡಿ ಅವನ ಕಣ್ಣು ಅರಳಿದ್ದನ್ನು ಗಂಟಕ್ಕ ಗಮನಿಸಿಯೇ ಬೆಲೆ ಹೇಳಿದಳು. ಚೌಕಾಸಿ ಮುಗಿದಾಗ ಅಡ್ವಾನ್ಸಿಗೆ ಸರಿಹೋಗುವಷ್ಟು ಬೆಲೆ ಕುದುರಿತ್ತು, ದುಡ್ಡು ಮಾತ್ರ ಬೀರು ತೆಗೆದುಕೊಂಡು ಹೋಗುವ ದಿನ. ಹೊರಡುವ ಮುಂಚೆ ಅವನು ಮಂಚದ ಮೇಲಿದ್ದ ಬಡಗಿಯ ಕಡೆ ತಿರುಗಿದ.

"ನೀವೇ ಮಾಡಿದ್ದಂತಲ್ಲ ಯಜಮಾನ್ರೇ. ಭಾಳ ಚೆನ್ನಾಗಿದೆ. ಬಿಚ್ಚೋಕೆ ಬರುತ್ತೆ ತಾನೇ? ಬಿಚ್ಚಿ ತಗೊಂಡು ಹೋಗಿ ಅಲ್ಲಿ ಜೋಡಿಸ್ಕೊಳ್ತೀವಿ."

ಬಡಗಿ ಅವನನ್ನು ನೋಡಿದ, ಹೆಂಡತಿಯನ್ನು ನೋಡಿದ, ನಿಧಾನವಾಗಿ ತಲೆ ಆಡಿಸಿದ.

ಗಂಟಕ್ಕನಿಗೆ ಹೋದ ಜೀವ ಬಂದಂತಾಯಿತು. ತಾನು ಕಟ್ಟಿದ್ದನ್ನು ಮಾರುತ್ತಿದ್ದಾರೆ ಎಂದು ಮುನಿಸಿಕೊಳ್ಳುತ್ತಾನೇನೋ ಎಂದು ಹೆದರಿದ್ದಳು, ಅವನು ನೋಡಿದರೆ ಒಪ್ಪಿಗೆ ಕೊಟ್ಟುಬಿಟ್ಟ. ಒಗೆದ ಬಟ್ಟೆ ಮಡಿಸುತ್ತ ಮಡಿಸುತ್ತ ಅವಳು ಸಾಗಣೆಯ ಇಡೀ ಲೆಕ್ಕಾಚಾರ ಹಾಕಿದಳು. ಹೊಸ ಕೋಣೆಯನ್ನು ಮೊಳ, ಗೇಣಿನಲ್ಲಿ ಅಳೆದುಕೊಂಡು ಬಂದಿದ್ದಳು. ಮಂಚ ಹಿಡಿಯುತ್ತದೆ, ಮೇಜು ಹಿಡಿಯುವುದಿಲ್ಲ, ಪಾತ್ರೆಯ ಸ್ಟ್ಯಾಂಡಿನ ಎರಡು ಕಾಲು ಕತ್ತರಿಸಿದರೆ ಕಿಟಕಿಯ ಕೆಳಗೆ ಕೂರುತ್ತದೆ. ಕಂಡಕಂಡದ್ದನ್ನೆಲ್ಲ ಅಳೆದ ಹೆಂಗಸು ಬೀರುವನ್ನು ಮಾತ್ರ ಅಳೆಯಲಿಲ್ಲ. ಮಾರುವ ಸಾಮಾನು, ಹೊರಗೆ ಹೋಗುವ ಚಿಂತೆ ಕೊಂಡವನದು ಎಂದುಕೊಂಡಳು. ಬಡಗಿಯ ಹೆಂಡತಿಗೆ ಬಡಗಿಯ ತಲೆ ಆಟದ ಮೇಲೆ ಅಷ್ಟು ನಂಬಿಕೆ.

ಟೆಂಪೋಗೆ ಎರಡು ಸಲ ಓಡಿಸುವಷ್ಟು ಬಾಡಿಗೆ ಕೊಡಲು ಇರಲಿಲ್ಲ. ಆದ್ದರಿಂದ ಹೊರಬಲ್ಲದ್ದನ್ನೆಲ್ಲ ಅಮ್ಮ ಮಗಳು ಬಸ್ಸಿನಲ್ಲೇ ಸಾಗಿಸಿದರು. ಆಸ್ಪತ್ರೆಯಿಂದ ತಂದ ಹಳೇ ಹೊದಿಕೆಗಳಲ್ಲಿ ಪಾತ್ರೆ, ಬಟ್ಟೆ, ಡಬ್ಬಿಗಳನ್ನು ಗಂಟು ಕಟ್ಟಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು, ಸಂಜೆ ಬಂದ ಮೇಲೆ ಒಂದು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದಂತೆ, ಆದರೆ ಬೆಕ್ಕಿಗೆ ಟಿಕೆಟ್ ಇಲ್ಲ. ಕಂಡಕ್ಟರ್ ಒಂದು ದಿನ, "ಏನಕ್ಕ, ಮನೇನ ಒಂದೊಂದೇ ಇಟ್ಟಿಗೆ ಬಿಚ್ಕೊಂಡು ಹೋಗ್ತಿದೀರಾ?" ಎಂದ. "ಓನರ್ ನೋಡೋದ್ರೊಳಗೆ ಬಾಗಿಲೂ ತರ್ತೀನಿ, ಜಾಗ ಇಟ್ಟಿರು," ಎಂದಳು ಗಂಟಕ್ಕ. ಆ ದಿನಗಳಲ್ಲಿ ಅವಳು ಸ್ವಲ್ಪ ನಗುತ್ತಿದ್ದಳು. ಮಂಚ, ಗ್ಯಾಸ್ ಒಲೆ, ಪಾತ್ರೆಯ ಸ್ಟ್ಯಾಂಡು, ಗಂಡ, ಇಷ್ಟನ್ನು ಕೊನೆಯ ದಿನ ತರಕಾರಿ ಟೆಂಪೋದಲ್ಲಿ ಸಾಗಿಸುವುದೆಂದಾಯಿತು. ಮಾರುಕಟ್ಟೆಯಲ್ಲಿ ಮಾಲು ಇಳಿಸಿ ಖಾಲಿ ಹೋಗುವ ಗಾಡಿ, ಹೇಗೂ ಆ ಕಡೆಗೇ ಹೋಗಬೇಕು, ಡೀಸೆಲ್ಲಿಗಾದರೆ ಸಾಕು ಎಂದಿದ್ದ ಡ್ರೈವರ್. ಆದರೆ ಮಧ್ಯಾಹ್ನದ ಮೇಲೆ ಅವನಿಗೆ ಬೇರೆ ಲೋಡು, ಕಾಯಲು ಆಗುವುದಿಲ್ಲ.

ಕೊನೆಯ ದಿನವೂ ಬಂತು. ಅಂಗಳದಲ್ಲಿ ಆಗಲೇ ಓನರಿನ ಪೈಪಿನ ಕಟ್ಟುಗಳು ಬಂದು ಬಿದ್ದಿದ್ದವು. ಮನೆಯೊಳಗೆ ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ಅಂಗಡಿಯವನು ಒಬ್ಬ ಕೆಲಸಗಾರನನ್ನು, ಒಂದು ಚೀಲ ಸ್ಕ್ರೂಡ್ರೈವರುಗಳನ್ನು ಕರೆತಂದ. ಕೆಲಸಗಾರ ಬೀರುವಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿದ. ಮೇಲೆ ನೋಡಿದ, ಕೆಳಗೆ ನೋಡಿದ, ಬೆನ್ನ ಹಲಗೆಯ ಮೇಲೆ ಕೈಯಾಡಿಸಿದ.

"ಇದಕ್ಕೆ ಸ್ಕ್ರೂನೇ ಇಲ್ವಲ್ಲ."

"ಮೊಳೆ ಇರುತ್ತೆ ನೋಡೋ," ಎಂದ ಅಂಗಡಿಯವನು.

"ಅದೂ ಇಲ್ಲ. ಎಲ್ಲಾ ಒಂದಕ್ಕೊಂದು ಕಚ್ಕೊಂಡಿದೆ. ಬೆಣೆ ಮೇಲೆ ಅಂಟು ಹಾಕ್ಬಿಟ್ಟಿದಾರೆ. ಇದು ಬಿಚ್ಚೋ ಮಾಲಲ್ಲ."

ಹಾಗೇ ಇಡಿಯಾಗಿ ಹೊರಗೆ ತರೋಣವೆಂದರೆ, ಬೀರು ಬಾಗಿಲಿಗಿಂತ ಒಂದೂವರೆ ಪಟ್ಟು ಅಗಲ, ಸೂರಿಗೆ ತಾಗುವುದರಿಂದ ಓರೆ ಮಾಡಲೂ ಬರುವುದಿಲ್ಲ. ಅಂಗಡಿಯವನು ಕೈಯಿಂದ ಬಾಗಿಲನ್ನು ಅಳೆದ, ಬೀರುವನ್ನು ಅಳೆದ, ನಗು ತಡೆಯಲಾರದೆ ನಕ್ಕ. "ಈ ಬೀರು ಈ ಕೋಣೇಲೇ ಹುಟ್ಟಿದೆ ಕಣಮ್ಮ. ಹೊರಗಿನ ಪ್ರಪಂಚ ನೋಡೇ ಇಲ್ಲ," ಎಂದ. ಗಂಟಕ್ಕನಿಗೆ ನಗುವವನ ಬಾಯಿ ಕಾಣುತ್ತಿತ್ತು, ದನಿ ಕಿವಿಗೆ ಬೀಳುತ್ತಿರಲಿಲ್ಲ.

ಅವಳು ಓಡಿಹೋಗಿ ಓನರನ್ನು ಕೇಳಿದಳು, ಬೀರು ನೀವೇ ಇಟ್ಟುಕೊಳ್ಳಿ, ಅರ್ಧ ಬೆಲೆ ಕೊಡಿ ಎಂದು. ಅವನು ಪೈಪುಗಳನ್ನು ಎಣಿಸುತ್ತಿದ್ದವನು ತಲೆಯೆತ್ತದೆ, "ಪೈಪನ್ನ ಬೀರುನಲ್ಲಿ ಮಡಿಸಿಡ್ಲಾ? ತೆಗೆಸಮ್ಮ ಅದನ್ನ, ಗೋಡೆ ಖಾಲಿ ಬೇಕು ಅಂದಿದ್ನಲ್ಲ," ಎಂದ. ಬಾಗಿಲ ಚೌಕಟ್ಟು ಕಿತ್ತು, ಸ್ವಲ್ಪ ಗೋಡೆ ಒಡೆದು ತೆಗೆಯಬಹುದೇ ಎಂದಾಗ ಮಾತ್ರ ತಲೆಯೆತ್ತಿದ, ಅವಳಿಗೆ ತಲೆ ಕೆಟ್ಟಿದೆಯೇ ಎನ್ನುವಂತೆ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನು ಉಳಿದದ್ದು ಅಣ್ಣನ ಮನೆ, ಆಶ್ರಮ.

ವಾಪಸು ಬಂದವಳು ನೇರವಾಗಿ ಮಂಚದ ಮುಂದೆ ನಿಂತಳು.

"ಗೊತ್ತಿತ್ತಾ ನಿಮಗೆ?"

ಬಡಗಿ ಬೀರುವಿನ ಕಡೆ ನೋಡಿದ.

"ಕೇಳ್ತಿರೋದು ನಾನು. ಇದು ಬಿಚ್ಚೋಕೆ ಬರಲ್ಲ ಅಂತ ಗೊತ್ತಿತ್ತಾ?"

ಬಡಗಿ ತಲೆ ಆಡಿಸಿದ.

"ಮತ್ತೆ ಅವತ್ತು ಯಾಕ್ರೀ ತಲೆ ಆಡಿಸಿದ್ರಿ? ನಾನು ಹದಿನೈದು ದಿನದಿಂದ ಕತ್ತೆ ಹಾಗೆ ಹೊರ್ತಾ ಇದೀನಿ, ನೋಡ್ತಾ ಮಲಗಿದ್ರಿ! ಕೈ ಹೋದಾಗ ಬುದ್ಧೀನೂ ಹೋಯ್ತಾ?"

"ಅಮ್ಮಾ," ಎಂದು ಮಗಳು ತೋಳು ಹಿಡಿದಳು. ಗಂಟಕ್ಕ ಕೊಡವಿಕೊಂಡಳು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಓನರನ್ನು ಬೈಯುವ ಹಾಗಿಲ್ಲ, ಅಂಗಡಿಯವನನ್ನು ಬೈಯುವ ಹಾಗಿಲ್ಲ, ಅಣ್ಣನನ್ನಂತೂ ಬೈಯುವ ಹಾಗೇ ಇಲ್ಲ. ಎಲ್ಲರ ಪಾಲಿನದೂ ಸೇರಿ ಮಂಚದ ಮೇಲಿದ್ದವನ ಮೇಲೆ ಬಿತ್ತು. ಬಾಯಿ ಸೋತ ಮೇಲೆ ಅವಳು ಖಾಲಿ ನೆಲದ ಮೇಲೆ ಕೂತು, ತಲೆ ಮೇಲೆ ಕೈ ಹೊತ್ತು, ಅಪರಿಚಿತರ ಎದುರು ಗೊಳೋ ಎಂದು ಅತ್ತಳು. ಅಂಗಡಿಯವನು ಹೊರಗೆ ಹೋಗಿ ನಿಂತ. ಹೊರಗೆ ಟೆಂಪೋ ಬಂದು ಹಾರ್ನ್ ಹೊಡೆಯಿತು.

ಆಗ ಬಡಗಿ ಎಡಗೈ ಎತ್ತಿ ಮಂಚದ ಕೆಳಗೆ ತೋರಿಸಿದ. ಅಲ್ಲಿ ಅವನ ಹತ್ಯಾರದ ಚೀಲವಿತ್ತು. ಎರಡು ವರ್ಷದಿಂದ ಬಿಚ್ಚಿರಲಿಲ್ಲ. ಮಗಳು ಎಳೆದು ತಂದು ಒಂದೊಂದೇ ತೋರಿಸಿದಳು. ಉಳಿ ತೋರಿಸಿದರೆ ಕಣ್ಣು ಮುಚ್ಚಿದ. ಕೊಡತಿ ತೋರಿಸಿದರೆ ಕಣ್ಣು ಮುಚ್ಚಿದ. ಗರಗಸ ತೋರಿಸಿದಾಗ ತಲೆ ಆಡಿಸಿದ.

ಮಗಳಿಗೆ ಅರ್ಥವಾಗಿ ಅಳು ಬಂತು. "ಬೇಡಪ್ಪ," ಎಂದಳು.

ಅಂಗಡಿಯವನು ಬಾಗಿಲಲ್ಲಿ ನಿಂತೇ ಮಾತು ಸೇರಿಸಿದ. ಕೊಯ್ದರೆ ಬೀರುವಿನ ಬೆಲೆ ಸಿಗುವುದಿಲ್ಲ, ಹಲಗೆಯ ಬೆಲೆ ಸಿಗುತ್ತದೆ. ಹಲಗೆ ಉದ್ದವಿದ್ದಷ್ಟೂ ಒಳ್ಳೆಯದು. ತುಂಡು ತುಂಡು ಮಾಡಿದರೆ ಸೌದೆ. ಎರಡು ಬಾಗಿಲು ಇಡಿಯಾಗಿ ಬಂದರೆ ಅದಕ್ಕೆ ಬೇರೆ ಕೊಡುತ್ತೇನೆ ಎಂದ. ಎಲ್ಲ ಸೇರಿದರೂ ಮೊದಲಿನದರ ಅರ್ಧ ಮುಟ್ಟುವುದು ಕಷ್ಟ. ಅವನ ಕೆಲಸಗಾರ ಗರಗಸಕ್ಕೆ ಕೈ ಚಾಚಿದ, ಬಡಗಿ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣು ತೆಗೆಯಲೇ ಇಲ್ಲ. ಕೊನೆಗೆ ಗಂಟಕ್ಕ ಮೂಗು ಒರೆಸಿಕೊಂಡು ಎದ್ದು ಗರಗಸ ತೆಗೆದುಕೊಂಡಾಗ ತೆಗೆದ.

ಮಂಚವನ್ನು ಎಳೆದು ಬೀರುವಿನ ಪಕ್ಕಕ್ಕೆ ತಂದರು. ಮಗಳು ಅಪ್ಪನನ್ನು ತನ್ನ ಬೆನ್ನಿಗೆ ಒರಗಿಸಿಕೊಂಡು ಕೂರಿಸಿದಳು. ಅವನು ಎಡಗೈ ಹೆಬ್ಬೆರಳ ಉಗುರಿನಿಂದ ಮರದ ಮೇಲೆ ಗೀಟು ಹಾಕಿದ. ಹಲಗೆಗಳು ಕೂಡುವ ಜಾಗ ಎಲ್ಲಿದೆ, ಬೆಣೆ ಎಷ್ಟು ಉದ್ದ ಒಳಗೆ ಹೋಗಿದೆ ಎಂದು ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ. ಗಂಟಕ್ಕ ಗೀಟಿನ ಮೇಲೆ ಗರಗಸ ಇಟ್ಟಳು. ಮೊದಲ ಎಳೆತಕ್ಕೆ ಹಲ್ಲು ಜಾರಿ ಹಲಗೆ ಗೀಚಿಹೋಯಿತು. ಬಡಗಿಯ ಇಡೀ ಮೈ ಒಮ್ಮೆ ಅದುರಿತು. ಆಮೇಲೆ ಅವನು ಎಡ ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದ, ಅಲುಗದಿರಲಿ ಎಂದು. ಅವಳು ಎಳೆದಳು, ಅವನು ಒತ್ತಿದ. ತೇಗದ ಹೊಟ್ಟು ಇಬ್ಬರ ಕೈಮೇಲೂ ಸುರಿಯಿತು. ಅಷ್ಟು ವರ್ಷವಾದರೂ ಒಳಗಿನ ಮರ ಹೊಸದರ ಹಾಗೇ ಘಮ್ಮೆನ್ನುತ್ತಿತ್ತು, ಗಂಟಕ್ಕನಿಗೆ ಆ ವಾಸನೆ ತಡೆಯಲಾಗಲಿಲ್ಲ. ಆ ಮನೆಗೆ ಬಂದ ಹೊಸತರಲ್ಲಿ ಗಂಡನ ಅಂಗಿಯಿಂದ ಬರುತ್ತಿದ್ದ ವಾಸನೆ ಅದು.

ಒಂದು ಕಡೆ ಅವಳು ಅವಸರಕ್ಕೆ ಗೀಟು ಬಿಟ್ಟು ಎಳೆದಳು. ಬಡಗಿ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿ, ಗರಗಸವನ್ನು ಮತ್ತೆ ಗೀಟಿಗೆ ತಂದ. ಬೈಸಿಕೊಂಡವನು, ಬೈದವಳು ಎಂಬುದು ಆ ಹೊತ್ತಿಗೆ ಇಬ್ಬರಿಗೂ ನೆನಪಿರಲಿಲ್ಲ. ಡ್ರೈವರ್ ಎರಡು ಸಲ ಬಂದು, "ಅಕ್ಕಾ, ನನ್ನ ಲೋಡು ಹೋಗುತ್ತೆ," ಎಂದ. ಮೂರನೇ ಸಲ ಬಂದವನು ಏನೂ ಹೇಳದೆ ಅಂಗಿ ಬಿಚ್ಚಿಟ್ಟು, ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡ.

ಕೊನೆಯ ಹಲಗೆ ಹೊರಗೆ ಹೋದಾಗ ಗೋಡೆಯ ಮೇಲೆ ಬೀರುವಿನ ಅಳತೆಯಷ್ಟೇ ಬಣ್ಣ ಮಾಸದ ಜಾಗ ಉಳಿಯಿತು. ಬಡಗಿ ಅದನ್ನು ನೋಡಲಿಲ್ಲ. ಅಂಗಡಿಯವನು ಹಲಗೆಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟ. ಆದರೂ ಅರ್ಧವೇ.

ಗಂಟಕ್ಕ ಓನರಮ್ಮನಿಗೆ ಫೋನ್ ಮಾಡಿದಳು. ಸುತ್ತಿ ಬಳಸಲು ಚೈತನ್ಯವಿರಲಿಲ್ಲ. "ಅಮ್ಮ, ಅರ್ಧ ಇದೆ. ಉಳಿದರ್ಧ ತಿಂಗಳು ತಿಂಗಳು ತೀರಿಸ್ತೀನಿ. ಇವತ್ತು ಕೀಲಿ ಕೊಡದಿದ್ರೆ ನಮಗೆ ಇಳಿಯೋಕೆ ಜಾಗ ಇಲ್ಲ," ಎಂದಳು.

"ಅರ್ಧ ಅಡ್ವಾನ್ಸಿಗೆ ಅರ್ಧ ರೂಮು ಕೊಡ್ಲೇನಮ್ಮ?" ಎಂದಳು ಓನರಮ್ಮ.  ಗಂಟಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು. "ಮೂರು ಮಹಡಿ ಮೆಟ್ಟಿಲು ಗುಡಿಸಿ ಒರೆಸೋಕೆ ನನಗೆ ಜನ ಬೇಕು. ದಿನಾ. ತೀರೋ ತನಕ ಸಂಬಳ ಗಿಂಬಳ ಇಲ್ಲ. ಆಗುತ್ತಾ?"

ಆಸ್ಪತ್ರೆಯ ಕೆಲಸಕ್ಕೆ ಮುಂಚೆ ಮೆಟ್ಟಿಲು, ಮೆಟ್ಟಿಲಿಗೆ ಮುಂಚೆ ಗಂಡನನ್ನು ತೊಳೆದು ತಿನ್ನಿಸುವುದು. ಎಷ್ಟು ಹೊತ್ತಿಗೆ ಏಳಬೇಕಾಗುತ್ತದೆ ಎಂದು ಯೋಚಿಸಲು ಅವಳು ಹೋಗಲಿಲ್ಲ. "ಆಗುತ್ತೆ," ಎಂದಳು.

ಡ್ರೈವರ್ ಬಡಗಿಯನ್ನು ಎತ್ತಿ ತಂದು ಟೆಂಪೋದ ಹಿಂಬದಿಯಲ್ಲಿ, ಮಂಚದ ಮೇಲೆಯೇ ಮಲಗಿಸಿದ. ಮಂಚದ ಕಾಲುಗಳನ್ನು ಗಂಟಕ್ಕ ಹಗ್ಗದಿಂದ ಗಾಡಿಗೆ ಬಿಗಿದಳು. ಮಗಳು ಮುಂದೆ ಡ್ರೈವರ್ ಪಕ್ಕ ಕೂತಳು. ಹಿಂದೆ ಒಲೆ, ಪಾತ್ರೆಯ ಸ್ಟ್ಯಾಂಡು, ಬೆಳಗಿನ ಕೋಸಿನ ಎಲೆಗಳು, ಗಂಡ ಹೆಂಡತಿ. ಗಾಡಿ ಬೀದಿ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಅವಳ ಸಿಟ್ಟು ಇಳಿದು, ಬರೀ ಆಯಾಸ ಉಳಿಯಿತು. ಅಂಗೈಯಲ್ಲಿ ಗರಗಸದ ಬೊಬ್ಬೆ ಎದ್ದಿತ್ತು. ಈಗ ಕೇಳಬಹುದು ಎನ್ನಿಸಿತು.

"ರೀ, ಈಗಾದ್ರೂ ಹೇಳಿ. ಯಾಕೆ ಹಾಗೆ ಮಾಡಿದ್ರಿ? ಅವತ್ತೇ ಬರಲ್ಲ ಅಂದಿದ್ರೆ ನಾನು ಬೇರೆ ದಾರಿ ನೋಡ್ತಿರಲಿಲ್ವಾ?"

ಬಡಗಿ ಆಕಾಶ ನೋಡುತ್ತ ಮಲಗಿದ್ದ. ಬಾಯಿ ಹಲವು ಸಲ ತೆರೆದು ಮುಚ್ಚಿತು. ಅವಳು ಬಗ್ಗಿ ಕಿವಿ ಹತ್ತಿರ ತಂದಳು.

"ನ...ಲ್ಲಿ," ಎಂದ. ಅವಳಿಗೆ ಗೊತ್ತಾಗಲಿಲ್ಲವೆಂದು ಮತ್ತೊಮ್ಮೆ ಕಷ್ಟಪಟ್ಟ. "ನಲ್ಲಿ... ಫೋ...ನು."

ಗಂಟಕ್ಕನಿಗೆ ಆ ಮಧ್ಯಾಹ್ನ ನೆನಪಾಯಿತು. ಹಿತ್ತಲು, ಬಕೆಟ್ಟು, ಬಿಟ್ಟ ನೀರು. ಗೋಡೆಗೂ ಕಿವಿಯಿರುತ್ತದೆ ಎಂದು ಗೊತ್ತಿದ್ದೂ, ಗೋಡೆಯ ಒಳಗಡೆ ಎರಡು ವರ್ಷದಿಂದ ಕೇಳಿಸಿಕೊಳ್ಳುವುದು ಬಿಟ್ಟು ಬೇರೆ ಕೆಲಸವೇ ಇಲ್ಲದ ಮನುಷ್ಯ ಮಲಗಿದ್ದಾನೆ ಎಂಬುದನ್ನು ಅವಳು ಮರೆತಿದ್ದಳು. ಅಡ್ವಾನ್ಸ್ ಹೊಂದದೇ ಹೋದರೆ ಎಂದು ಅವಳು ಅಂದದ್ದನ್ನು ಅವನು ಕೇಳಿದ್ದ. ಮರುದಿನ ಅಂಗಡಿಯವನು ಬಂದು ಬಿಚ್ಚಲು ಬರುತ್ತದೆಯೇ ಎಂದು ಕೇಳಿದಾಗ, ಇಲ್ಲ ಎಂದರೆ ತಾನು ಆಶ್ರಮಕ್ಕೆ. ಹೌದು ಎಂದರೆ ಇನ್ನಷ್ಟು ದಿನ ಮನೆಯಲ್ಲಿ. ಅವನು ಆ ಇನ್ನಷ್ಟು ದಿನಕ್ಕಾಗಿ ತಲೆ ಆಡಿಸಿದ್ದ.

ಛೆ, ಹಾಗೆಲ್ಲ ಏನಿಲ್ಲ, ಸುಮ್ಮನೆ ಅಣ್ಣನ ಬಾಯಿ ಮುಚ್ಚಿಸಲು ಅಂದದ್ದು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಮೈತುಂಬ ಅವನ ಬೀರುವಿನ ಹೊಟ್ಟು ಅಂಟಿಸಿಕೊಂಡು ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಅಂದಿದ್ದು ನಿಜ ಕಣ್ರೀ," ಎಂದಳು. "ಬೇರೆ ದಾರಿ ಕಾಣಲಿಲ್ಲ. ಇವತ್ತು ಆಯಮ್ಮ ಕೀಲಿ ಕೊಡಲ್ಲ ಅಂದಿದ್ರೆ ಏನ್ ಮಾಡ್ತಿದ್ನೋ, ಸೇರಿಸೇ ಬಿಡ್ತಿದ್ನೇನೋ. ಗೊತ್ತಿಲ್ಲ ನನಗೆ. ನಿಮ್ಮ ಹತ್ರ ಸುಳ್ಳು ಹೇಳಲ್ಲ."

ಬಡಗಿ ಅವಳ ಕಡೆ ಮುಖ ತಿರುಗಿಸಿದ. ಕೋಪವಿದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಒಂದು ಪದಕ್ಕಾಗಿ ಮತ್ತೆ ತಡಕಾಡಿದ, ಸಿಕ್ಕಿತು. ಎರಡು ವರ್ಷದಲ್ಲಿ ಅಷ್ಟು ಸ್ಪಷ್ಟವಾಗಿ ಅವನು ಯಾವ ಪದವನ್ನೂ ಆಡಿರಲಿಲ್ಲ.

"ಸರಿ," ಎಂದ. "ಅದೇ... ಸರಿ."

ತನ್ನನ್ನು ಬಿಟ್ಟುಹೋಗುವುದೇ ಸರಿ ಎಂದು ಅವನು ಅವಳ ಪರವಾಗಿ ತೀರ್ಪು ಕೊಡುತ್ತಿದ್ದ. 

"ಏನ್ ಸರಿ? ಯಾವುದು ಸರಿ?" ಎಂದು ಕಿರುಚಿದಳು. "ಸರಿ ಅನ್ಬೇಡಿ! ಇನ್ನೊಂದ್ಸಲ ಸರಿ ಅಂದ್ರೆ ನೋಡಿ!" ಎಂದು ಬೊಬ್ಬೆ ಎದ್ದ ಅಂಗೈಯಲ್ಲೇ ಟೆಂಪೋದ ಪಕ್ಕೆಗೆ ದಬದಬ ಬಡಿದಳು.

ಸರಕಿನ ಗಾಡಿಯಲ್ಲಿ ಹಿಂದಿನಿಂದ ಬಡಿದರೆ ನಿಲ್ಲಿಸು ಎಂದರ್ಥ. ಡ್ರೈವರ್ ಬ್ರೇಕ್ ಒತ್ತಿದ. ಪಾತ್ರೆಯ ಸ್ಟ್ಯಾಂಡು ಒಲೆಗೆ ಡಿಕ್ಕಿ ಹೊಡೆಯಿತು. ಹಿಂದಿನ ವಾಹನಗಳು ಒಂದೇ ಸಮನೆ ಹಾರ್ನ್ ಮಾಡತೊಡಗಿದವು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಕ್ಕ? ಯಾರನ್ನಾದ್ರೂ ಇಳಿಸ್ಬೇಕಾ?"

ಗಂಟಕ್ಕ ಗಂಡನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಮುಖದ ಮೇಲೆ ಹೊಟ್ಟು, ಕಣ್ಣೀರು, ಸಿಂಬಳ ಎಲ್ಲ ಒಂದಾಗಿತ್ತು.

"ಯಾರೂ ಇಳಿಯಲ್ಲ," ಎಂದಳು. "ನೀನು ನಡಿಯಪ್ಪ."